ಕಾರ್ತಿಕ ಶುದ್ಧ ದಶಮಿಯ ಮಹಾನುಭಾವರು: ಶ್ರೀ ವಿಜಯದಾಸರ ಗೃಹಸ್ಥಜೀವನ

ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಅನುಯಾಯಿಗಳಾದ ನಮ್ಮ ಮನೆಗಳಲ್ಲಿ ವರ್ಷದ ಹನ್ನೆರಡು ಮಾಸಗಳ ಪೈಕಿ ಯಾವುದೂ ಬರಿದಾದುದಲ್ಲ. ಆದರೂ ಶರದೃತುವು ಕಾಲಿಟ್ಟಿತೆಂದರೆ ಗೃಹಸ್ಥನಿಗೂ ಗೃಹಿಣಿಗೂ ಉಸಿರಾಡಲು ಬಿಡುವಿರುವುದಿಲ್ಲ. ಆಶ್ವಯುಜ ಶುದ್ಧ ಪಾಡ್ಯದ ಘಟಸ್ಥಾಪನೆಯಿಂದ ಆರಂಭವಾದ ನವರಾತ್ರಿಯು ವಿಜಯದಶಮಿಯಂದು ಮುಗಿಯುತ್ತದೆ. ಅಂದೇ ಆಚಾರ್ಯರ ಜಯಂತಿ. ಮರುದಿನದ ಏಕಾದಶಿಯೊಡನೆ ಚಾತುರ್ಮಾಸ್ಯದ ನಾಲ್ಕನೆಯದಾದ ದ್ವಿದಳವ್ರತ ಬರುತ್ತದೆ, ನಸುಕಿನ ಪಶ್ಚಿಮಜಾಗರ ಪೂಜೆ ಬರುತ್ತದೆ, ಆಕಾಶದೀಪ ಬರುತ್ತದೆ. ಇವುಗಳ ನಡುವೆಯೇ ನರಕಚತುರ್ದಶಿಯ ಅಭ್ಯಂಗ, ಅಮಾವಾಸ್ಯೆಯ ಲಕ್ಷ್ಮೀಪೂಜೆ, ಬಲಿಪಾಡ್ಯಮಿ, ಗೋಪೂಜೆ, ಸೋದರಬಿದಿಗೆ. ಅನಂತರ ಕಾರ್ತಿಕ ಶುದ್ಧ ಏಕಾದಶಿಯ ಉಪವಾಸ, ಉತ್ಥಾನದ್ವಾದಶಿಯ ತುಲಸೀಪೂಜೆ, ವ್ರತಸಮರ್ಪಣೆ.

ಗೋಕಾಕ, ಅಥಣಿ, ರಾಯಬಾಗ, ಬಾಗಲಕೋಟೆಗಳ ಕಡೆಯಿಂದ ಬಂದು ಬೆಳಗಾವಿಯಲ್ಲಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಅನೇಕ. ಸದಾಶಿವನಗರದ ಮನೆಗಳಲ್ಲಿ ಈ ತಿಂಗಳು ಹೇಗೆ ಸಾಗುತ್ತದೆಂಬುದನ್ನು ನಾವು ವರ್ಣಿಸಿ ಹೇಳಬೇಕಾಗಿಲ್ಲ. ಮಳೆ ಹಿಂದೆಗೆದು, ಖಾನಾಪುರದ ಕಡೆಯ ಗದ್ದೆಗಳಲ್ಲಿ ಭತ್ತ ಬಲಿಯುವ ಕಾಲ. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ದೀಪಾವಳಿಗೆಂದು ಬರುವ ಕಾಲ. ಮನೆ ತುಂಬ ಜನ. ಅಡುಗೆಮನೆಯಲ್ಲಿ ಮಾತ್ರ ತೊಗರಿಯಿಲ್ಲ, ಕಡಲೆಯಿಲ್ಲ, ಹೆಸರಿಲ್ಲ. ಬೇಳೆಯಿಲ್ಲದ ಸಾರನ್ನು ಮೆಣಸು ಜೀರಿಗೆಗಳಿಂದ ಹದಗೊಳಿಸಬೇಕು. ಕಡಲೆಬೇಳೆಯ ಹೂರಣದ ಬದಲು ಸಜ್ಜಕದ ಹೋಳಿಗೆಯನ್ನು ಮಾಡಬೇಕು. ಹಬ್ಬದ ಅಡುಗೆ ಅತಿ ಹೆಚ್ಚಾಗಿರುವ ತಿಂಗಳಲ್ಲಿಯೇ ಅಡುಗೆಯ ಸಾಮಗ್ರಿ ಅತಿ ಕಡಮೆಯಾಗಿರುವುದು ನಮ್ಮ ಸಂಪ್ರದಾಯದ ಒಂದು ವಿಶೇಷ.

ಈ ಗಡಿಬಿಡಿಯ ನಡುವೆ, ಬಲಿಪಾಡ್ಯಮಿಯಿಂದ ಎಣಿಸಿದರೆ ಹತ್ತನೆಯ ದಿನ, ಏಕಾದಶಿಯ ಹಿಂದಿನ ದಿನ, ಒಂದು ಪುಣ್ಯತಿಥಿ ಇದೆ. ಅದು ಶ್ರೀ ವಿಜಯದಾಸಾರ್ಯರ ಆರಾಧನೆಯ ದಿನವಾದ ಕಾರ್ತಿಕ ಶುದ್ಧ ದಶಮಿ. ದೀಪಾವಳಿಯ ದಣಿವು ಆರಿರುವುದಿಲ್ಲ. ನಾಳೆಯ ಉಪವಾಸ ಮತ್ತು ನಾಡಿದ್ದಿನ ತುಲಸೀಪೂಜೆಯ ಸಿದ್ಧತೆ ಮುಗಿದಿರುವುದಿಲ್ಲ. ಬಂದ ಮಕ್ಕಳು ಊರಿಗೆ ಹಿಂದಿರುಗಿರುತ್ತಾರೆ. ಆದುದರಿಂದ ಈ ತಿಥಿಯು ಅನೇಕ ಮನೆಗಳಲ್ಲಿ ಪಂಚಾಂಗದ ಒಂದು ಸಾಲಾಗಿಯೇ ಉಳಿಯುತ್ತಿದೆ. ಮಠಗಳಲ್ಲಿ, ಗುಡಿಗಳಲ್ಲಿ ಆರಾಧನೆ ನಡೆಯುತ್ತದೆ, ಪ್ರಸಾದವಾಗುತ್ತದೆ; ಮನೆಯಲ್ಲಿ ಮಾತ್ರ ದಾಸರ ಹೆಸರು ಕೇಳಿಬರುವುದಿಲ್ಲ. ಇದು ನಮ್ಮನ್ನು ಚಿಂತೆಗೀಡುಮಾಡುವ ವಿಷಯ. ಏಕೆಂದರೆ ಸಂಸಾರದ ಭಾರದಿಂದ ಬಳಲಿದವರಿಗೆ ದಾರಿ ತೋರಿಸಬಲ್ಲ ಜೀವನವೊಂದಿದ್ದರೆ ಅದು ಇವರದೇ. ಯತಿಗಳಾಗಿ ಪೀಠವೇರಿದವರಲ್ಲ, ಹೆಂಡತಿ, ಮಕ್ಕಳು, ಅತಿಥಿಗಳು, ಸಾಲ, ಹಸಿವು ಇವೆಲ್ಲವನ್ನೂ ಕಂಡ ಗೃಹಸ್ಥರು ಅವರು. ಅವರ ಚರಿತ್ರೆಯನ್ನು ಸಂಸಾರದ ಕಡೆಯಿಂದ ಒಮ್ಮೆ ನೋಡುವುದು ಈ ಲೇಖನದ ಉದ್ದೇಶ.

ತುಂಗಭದ್ರೆಯ ದಂಡೆಯ ಬಡಮನೆ

ಇಂದಿನ ರಾಯಚೂರು ಜಿಲ್ಲೆಯ ಮಾನ್ವಿ ಪ್ರಾಂತದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಚೀಕಲಪರವಿ ಎಂಬ ಗ್ರಾಮವಿದೆ. ಅಲ್ಲಿನ ಶ್ರೀನಿವಾಸಪ್ಪ ಮತ್ತು ಕೂಸಮ್ಮ ಎಂಬ ದಂಪತಿಗಳ ಪುತ್ರರಾಗಿ ಕ್ರಿ.ಶ. 1682ರಲ್ಲಿ ಜನಿಸಿದ ಬಾಲಕನಿಗೆ ದಾಸಪ್ಪ ಎಂದು ಹೆಸರಿಟ್ಟರು. ಅದೇ ನದಿಯ ದಂಡೆಯ ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರತೀರ್ಥರು ವೃಂದಾವನಸ್ಥರಾಗಿ (1671) ಆಗ ಹನ್ನೊಂದು ವರ್ಷಗಳಾಗಿದ್ದವು. ಗುರುಗಳ ಮಹಿಮೆಯು ಆ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಜನರ ಬಾಯಲ್ಲಿದ್ದ ಕಾಲವದು.

ಆದರೆ ರಾಜಕೀಯವಾಗಿ ಅದು ನೆಮ್ಮದಿಯ ಕಾಲವಾಗಿರಲಿಲ್ಲ. ದಾಸಪ್ಪನು ನಾಲ್ಕು ವರ್ಷದ ಮಗುವಾಗಿದ್ದಾಗ, 1686ರಲ್ಲಿ, ವಿಜಾಪುರದ ಆದಿಲಶಾಹಿಯು ಔರಂಗಜೇಬನ ಕೈವಶವಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಿನ ದೋಆಬು ಪ್ರದೇಶವು ದಂಡುಗಳ ದಾರಿಯಾಯಿತು. ಮುಂದೆ 1724ರ ಅನಂತರ ಆ ಸೀಮೆಯು ನಿಜಾಮನ ಆಳ್ವಿಕೆಗೆ ಸೇರಿತು. ಒಡೆಯರು ಬದಲಾದಂತೆಲ್ಲ ಕಂದಾಯದ ಕೈಗಳೂ ಬದಲಾಗುವ ಇಂಥ ದಿನಗಳಲ್ಲಿ ಹಳ್ಳಿಯ ಸಾಮಾನ್ಯ ಬ್ರಾಹ್ಮಣ ಕುಟುಂಬಗಳ ಪಾಡು ಹೇಗಿದ್ದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಶ್ರೀನಿವಾಸಪ್ಪನವರ ಮನೆಯಲ್ಲಿ ದಾರಿದ್ರ್ಯವು ತಾಂಡವವಾಡುತ್ತಿತ್ತೆಂದು ದಾಸರ ಚರಿತ್ರೆಗಳೆಲ್ಲ ಒಂದೇ ಕಂಠದಿಂದ ಹೇಳುತ್ತವೆ. ಊರಿನ ಅಶ್ವತ್ಥ ನರಸಿಂಹನ ಸನ್ನಿಧಿಯೊಂದೇ ಆ ಬಾಲಕನಿಗೆ ಆಸರೆ.

ಹಬ್ಬದ ದಿನಗಳು ಬಡವನ ಮನೆಗೆ ಎರಡು ಪಟ್ಟು ಕಠಿಣ. ನೆರೆಮನೆಯಲ್ಲಿ ದೀಪಗಳ ಸಾಲು ಕಾಣುತ್ತಿರುವಾಗ ತನ್ನ ಮನೆಯ ಹಣತೆಗೆ ಎಣ್ಣೆಯಿಲ್ಲದಿರುವ ಸಂಕಟವು ಅನುಭವಿಸಿದವರಿಗೇ ಗೊತ್ತು. ಮನೆಯವರಿಗೆ ಭಾರವಾಗಿ ಇರಲೊಲ್ಲದೆ ದಾಸಪ್ಪನು ತಾರುಣ್ಯದ ಹೊಸ್ತಿಲಲ್ಲಿಯೇ ಊರು ಬಿಟ್ಟು ಹೊರಟನು. ಅನೇಕ ಊರುಗಳನ್ನು ಅಲೆದು, ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸವೆಸಿ ಕಾಶಿಗೆ ಹೋದನು. ಕೆಲವು ಕಾಲದ ಮೇಲೆ ಊರಿಗೆ ಹಿಂದಿರುಗಿದನು. ಕಾಶಿಗೆ ಹೋಗಿ ಬಂದವನು ಅನುಗ್ರಹಕ್ಕೆ ಪಾತ್ರನಾದವನೆಂದು ಬಂಧುಗಳು ಸಂತೋಷಪಟ್ಟರು, ಮದುವೆಯನ್ನೂ ಮಾಡಿದರು. ಹೀಗೆ ಅರಳಮ್ಮನವರು ಆ ಮನೆಯನ್ನು ತುಂಬಿದರು. ಬಡತನವು ಮಾತ್ರ ಹೋಗಲಿಲ್ಲ.

ಅಂಕಿತವು ಬಂದ ಬಗೆ

ಸಂಸಾರದ ಭಾರವು ಹೆಗಲೇರಿದ ಮೇಲೆ ದಾಸಪ್ಪನವರು ಮತ್ತೆ ಕಾಶಿಗೆ ಹೊರಟರು. ಈ ಸಲ ಗಂಗೆಯ ದಡದಲ್ಲಿ ಅವರ ಬಾಳಿನ ದಿಕ್ಕು ಬದಲಾಯಿತು. ಒಂದು ರಾತ್ರಿ ಸ್ವಪ್ನದಲ್ಲಿ ಶ್ರೀ ಪುರಂದರದಾಸರು ದರ್ಶನವಿತ್ತು, ಅವರನ್ನು ವೇದವ್ಯಾಸದೇವರ ಸನ್ನಿಧಿಗೆ ಕರೆದೊಯ್ದು, ನಾಲಗೆಯ ಮೇಲೆ ವಿಜಯ ಎಂಬ ಅಂಕಿತವನ್ನು ಬರೆದರೆಂದು ನಮ್ಮ ಪರಂಪರೆಯು ನಂಬುತ್ತದೆ. ಎಚ್ಚರವಾದಾಗ ದಾಸಪ್ಪನವರು ವಿಜಯದಾಸರಾಗಿದ್ದರು. ಬಾಯಲ್ಲಿ ಕನ್ನಡದ ಪದಗಳು ತಾವಾಗಿಯೇ ಉಕ್ಕಿ ಬರುತ್ತಿದ್ದವು. ಆಗಿನಿಂದ ವಿಜಯವಿಠಲ ಎಂಬುದು ಅವರ ಕೃತಿಗಳ ಮುದ್ರಿಕೆಯಾಯಿತು.

ಪುರಂದರದಾಸರು ಕಾಲವಾದುದು 1564ರಲ್ಲಿ. ಅವರಿಗೂ ವಿಜಯದಾಸರಿಗೂ ನಡುವೆ ಶತಮಾನಕ್ಕೂ ಮಿಕ್ಕ ಅಂತರವಿದೆ. ವಿಜಯನಗರದ ವೈಭವವು ಅಳಿದ ಮೇಲೆ ಕ್ಷೀಣವಾಗಿದ್ದ ಹರಿದಾಸರ ಧಾರೆಯು ಮತ್ತೆ ತುಂಬಿ ಹರಿದುದು ವಿಜಯದಾಸರಿಂದಲೇ. ಪುರಂದರದಾಸರು ಐದು ಲಕ್ಷ ಕೃತಿಗಳ ಸಂಕಲ್ಪ ಮಾಡಿ 4,75,000 ಕೃತಿಗಳನ್ನು ರಚಿಸಿದರೆಂದೂ, ಉಳಿದ 25,000 ಕೃತಿಗಳನ್ನು ವಿಜಯದಾಸರ ಮುಖದಿಂದ ಪೂರೈಸಿದರೆಂದೂ ಸಂಪ್ರದಾಯವು ಹೇಳುತ್ತದೆ. ಪುರಂದರದಾಸರನ್ನು ನಾರದಾಂಶರೆಂದೂ ವಿಜಯದಾಸರನ್ನು ಭೃಗುಮಹರ್ಷಿಗಳ ಅಂಶರೆಂದೂ ನಾವು ವಂದಿಸುತ್ತೇವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಅಂಕಿತವನ್ನು ಪಡೆದ ದಾಸರು ಕಾಶಿಯಲ್ಲಿಯೇ ನಿಲ್ಲಲಿಲ್ಲ. ಗಂಗಾತೀರ, ವಿಶ್ವನಾಥ ಬಿಂದುಮಾಧವರ ಸನ್ನಿಧಿ, ಪಂಡಿತರ ಗೋಷ್ಠಿ ಇವೆಲ್ಲವೂ ಅಲ್ಲಿದ್ದವು. ಅಂಥ ಕ್ಷೇತ್ರವನ್ನು ಬಿಟ್ಟು, ಅರಳಮ್ಮನವರಿದ್ದ ಬಡಮನೆಗೆ ಹಿಂದಿರುಗಿದರು. ಅವರು ಮರಳಿ ಬಂದಾಗ ಕೈಯಲ್ಲಿ ಹಣವಿರಲಿಲ್ಲ. ತಂಬೂರಿ, ತಾಳ, ಗೆಜ್ಜೆಗಳೇ ಸಂಪತ್ತು. ಸಂಸಾರವನ್ನು ಸಾಧನೆಗೆ ಅಡ್ಡಿಯೆಂದು ಎಣಿಸಿದ್ದರೆ ಅವರು ಬರುತ್ತಿರಲಿಲ್ಲ. ಆಚಾರ್ಯರ ಶಾಸ್ತ್ರವು ಗೃಹಸ್ಥನಿಗೆ ವಿಧಿಸಿದ ಕರ್ಮವನ್ನು ಭಗವತ್ಪೂಜೆಯೆಂದು ಮಾಡಬೇಕೆನ್ನುತ್ತದೆ. ಅದನ್ನು ವಿಜಯದಾಸರು ಪದಗಳಲ್ಲಿ ಹೇಳುವ ಮೊದಲು ತಮ್ಮ ನಡೆಯಲ್ಲಿ ತೋರಿಸಿದರು.

ಯಾಯಿವಾರದ ಅಕ್ಕಿ, ಅರಳಮ್ಮನವರ ಒಲೆ

ದಾಸದೀಕ್ಷೆಯನ್ನು ವಹಿಸಿದವರಿಗೆ ಯಾಯಿವಾರವೇ ಜೀವನೋಪಾಯ. ಬೆಳಗಿನ ಹೊತ್ತು ಹರಿನಾಮವನ್ನು ಹಾಡುತ್ತ ಮನೆಮನೆಗೆ ಹೋಗಿ, ಬಂದಷ್ಟನ್ನು ಸ್ವೀಕರಿಸಿ, ಅಂದಿನದನ್ನು ಅಂದೇ ದೇವರಿಗೆ ನಿವೇದಿಸಿ, ಅತಿಥಿಗಳಿಗೆ ಬಡಿಸಿ, ಉಳಿದುದನ್ನು ಮನೆಯವರು ಉಣ್ಣುವುದು. ನಾಳೆಗೆಂದು ಕೂಡಿಡುವಂತಿಲ್ಲ. ಕೇಳುವುದಕ್ಕೆ ಸರಳವಾದ ಈ ನಿಯಮವನ್ನು ಅಡುಗೆಮನೆಯ ಕಡೆಯಿಂದ ನೋಡಿದರೆ ಅದರ ಕಾಠಿಣ್ಯವು ತಿಳಿಯುತ್ತದೆ. ಜೋಳಿಗೆಯಲ್ಲಿ ಎಷ್ಟು ಅಕ್ಕಿ ಬಂದೀತೆಂಬುದು ಗೊತ್ತಿಲ್ಲ. ಪಂಕ್ತಿಗೆ ಎಷ್ಟು ಜನ ಬಂದಾರೆಂಬುದೂ ಗೊತ್ತಿಲ್ಲ. ಇವೆರಡನ್ನೂ ಪ್ರತಿದಿನ ಸರಿದೂಗಿಸಿದವರು ಅರಳಮ್ಮನವರು.

ದಾಸರ ಚರಿತ್ರೆಗಳಲ್ಲಿ ಈ ಸಾಧ್ವಿಯ ಹೆಸರು ಕೆಲವೆಡೆ ಮಾತ್ರ ಬರುತ್ತದೆ. ಆದರೆ ವಿಜಯದಾಸರ ಮನೆಗೆ ಬಂದು ಉಂಡವರ, ಉಳಿದವರ, ಬೆಳೆದವರ ಕಥೆಗಳು ನೂರಾರು. ಆ ಪ್ರತಿಯೊಂದು ಕಥೆಯ ಹಿಂದೆಯೂ ಒಂದು ಒಲೆ ಉರಿದಿದೆ, ಒಬ್ಬರು ನಸುಕಿನಲ್ಲಿ ಎದ್ದು ಮಡಿನೀರು ತಂದಿದ್ದಾರೆ. ನಮ್ಮ ಮನೆಗಳ ತಾಯಂದಿರು ಕಾರ್ತಿಕದಲ್ಲಿ ಬೇಳೆಯಿಲ್ಲದ ಅಡುಗೆಯಿಂದ ಹತ್ತು ಜನರನ್ನು ತೃಪ್ತಿಪಡಿಸುವಾಗ, ತಮ್ಮ ಶ್ರಮವನ್ನು ಯಾರೂ ಲೆಕ್ಕಿಸುವುದಿಲ್ಲವೆಂದು ಬೇಸರಪಟ್ಟರೆ ಅದು ಸಹಜವೇ. ಅಂಥವರು ಅರಳಮ್ಮನವರನ್ನು ಸ್ಮರಿಸಬೇಕೆಂದು ಮಾತ್ರ ನಾವು ಹೇಳುವುದಿಲ್ಲ. ಆ ಮನೆಗಳ ಗಂಡಸರು ಕೂಡ ಅರಳಮ್ಮನವರನ್ನು ಸ್ಮರಿಸಬೇಕು. ದಾಸರ ಕೀರ್ತಿಯಲ್ಲಿ ಅರ್ಧ ಪಾಲು ಆ ಒಲೆಯದೆಂಬುದನ್ನು ನೆನೆದರೆ, ದೇವರ ಪಾತ್ರೆಗಳನ್ನು ಬೆಳಗುವುದಕ್ಕೂ ನೀರು ತುಂಬುವುದಕ್ಕೂ ಅವರ ಕೈಗಳು ಮುಂದಾದಾವು.

ಮನೆಗೆ ಬಂದ ಮಗು

ವಿಜಯದಾಸರ ಕಾರುಣ್ಯಕ್ಕೆ ಮೋಹನದಾಸರ ವೃತ್ತಾಂತವೇ ಸಾಕ್ಷಿ. ದುಃಖವನ್ನು ತಾಳಲಾರದೆ ಪ್ರಾಣವನ್ನೇ ತೊರೆಯಲು ಹೊರಟಿದ್ದ ಒಬ್ಬ ತಾಯಿಯನ್ನು ದಾಸರು ದಾರಿಯಲ್ಲಿ ಕಂಡರು. ತಡೆದರು, ಸಮಾಧಾನ ಹೇಳಿದರು. ಸಮಾಧಾನ ಹೇಳಿ ತಮ್ಮ ದಾರಿಯನ್ನು ಹಿಡಿದಿದ್ದರೂ ಲೋಕವು ಅವರನ್ನು ದಯಾಳುಗಳೆಂದೇ ಕರೆಯುತ್ತಿತ್ತು. ಆದರೆ ದಾಸರು ಆ ತಾಯಿಯನ್ನು ಮಗಳೆಂದು ಭಾವಿಸಿ ಮನೆಗೆ ಕರೆತಂದರು. ನಾಳೆಯ ಅಕ್ಕಿ ಇಲ್ಲದ ಮನೆಗೆ ಎರಡು ಜೀವಗಳು ಬಂದು ಸೇರಿದವು. ಅರಳಮ್ಮನವರು ಅವರನ್ನು ತಮ್ಮವರೆಂದು ಅಪ್ಪಿಕೊಂಡರು.

ಆ ತಾಯಿಯ ಮಗನೇ ದಾಸರ ಮಡಿಲಲ್ಲಿ ಬೆಳೆದು ಮೋಹನದಾಸರೆಂದು ಪ್ರಸಿದ್ಧರಾದರು. ಬಾಲಕನಿಗೆ ಅಪಮೃತ್ಯು ಒದಗಿದಾಗ ದಾಸರು ಭಗವಂತನನ್ನು ಪ್ರಾರ್ಥಿಸಿ ಅವನನ್ನು ಉಳಿಸಿಕೊಂಡರೆಂಬ ಕಥೆಯನ್ನು ನಮ್ಮ ಹಿರಿಯರು ಕಣ್ಣೀರು ತುಂಬಿ ಹೇಳುತ್ತಿದ್ದರು. ವೈರಾಗ್ಯಶಾಲಿಗಳಾದ ದಾಸರು ಸಾಕುಮಗನ ಪ್ರಾಣಕ್ಕಾಗಿ ಹಾಗೆ ಹಂಬಲಿಸಬಹುದೇ ಎಂದು ಕೆಲವರು ಕೇಳಬಹುದು. ತನ್ನದೆಂಬ ಮಮಕಾರದಿಂದ ಹಂಬಲಿಸುವುದು ಬೇರೆ. ಹರಿಯು ತನ್ನ ವಶಕ್ಕೆ ಒಪ್ಪಿಸಿದ ಜೀವವನ್ನು ಕಾಪಾಡುವಂತೆ ಹರಿಯನ್ನೇ ಬೇಡುವುದು ಬೇರೆ. ಆ ಬಾಲಕನು ಮುಂದೆ ಮೋಹನವಿಠಲಾಂಕಿತದಿಂದ ರಚಿಸಿದ ಕೋಲುಹಾಡನ್ನು ನಮ್ಮ ಹೆಣ್ಣುಮಕ್ಕಳು ಇಂದಿಗೂ ಹಾಡುತ್ತಾರೆ. ದಿಕ್ಕಿಲ್ಲದೆ ಬಂದ ಮಗುವೊಂದು ತನ್ನನ್ನು ಸಾಕಿದ ಮನೆಗೆ ಹೀಗೆ ಋಣ ತೀರಿಸಿತು.

ಮಾನ್ವಿಯ ಭೋಜನ

ಅತಿಥಿಸತ್ಕಾರದ ಮಹತ್ವವನ್ನು ತಿಳಿಸುವ ಇನ್ನೊಂದು ಪ್ರಸಂಗವು ವಾಚಕರಿಗೆ ಪರಿಚಿತವೇ ಆಗಿದೆ. ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರಾಗಿ ಮಾನ್ವಿಯಲ್ಲಿ ಹೆಸರುವಾಸಿಯಾಗಿದ್ದರು. ವಿಜಯದಾಸರು ಅಲ್ಲಿಗೆ ಬಂದಾಗ ದೇವರ ಪೂಜೆಯನ್ನೂ ಸಂತರ್ಪಣೆಯನ್ನೂ ಏರ್ಪಡಿಸಿ, ಆಚಾರ್ಯರನ್ನು ಗೌರವದಿಂದ ಆಹ್ವಾನಿಸಿದರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರ ಪಂಕ್ತಿಯಲ್ಲಿ ಕುಳಿತುಣ್ಣಲು ಪಂಡಿತರ ಮನಸ್ಸು ಒಪ್ಪಲಿಲ್ಲ. ತಮಗೆ ಹೊಟ್ಟೆನೋವೆಂದೂ, ಹೊತ್ತು ಮೀರಿ ಉಣ್ಣಲಾಗದೆಂದೂ ನೆವ ಹೇಳಿ ತಪ್ಪಿಸಿಕೊಂಡರು. ನೆವವು ನಿಜವಾಯಿತು. ಉದರಶೂಲೆಯು ಅವರನ್ನು ಹಿಡಿದು, ಯಾವ ಔಷಧಕ್ಕೂ ಬಗ್ಗದೆ ಪ್ರಾಣಾಂತಿಕವಾಗಿ ಬೆಳೆಯಿತು.

ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು. ವಿಜಯದಾಸರಲ್ಲಿಗೇ ಹೋಗಬೇಕೆಂದು ಗುರುರಾಜರು ಸ್ವಪ್ನದಲ್ಲಿ ಸೂಚಿಸಿದರು. ತಾವು ತಿರಸ್ಕರಿಸಿದವರ ಬಾಗಿಲಲ್ಲಿ ನಿಲ್ಲುವುದು ಪಂಡಿತರಿಗೆ ಎಷ್ಟು ಕಷ್ಟವಾಗಿದ್ದೀತು! ಆದರೆ ಆ ಬಾಗಿಲಲ್ಲಿ ಅವರಿಗೆ ಒಂದು ಕಟುನುಡಿಯೂ ಕೇಳಿಬರಲಿಲ್ಲ. ದಾಸರು ಅವರನ್ನು ಪ್ರೀತಿಯಿಂದ ಕಂಡು, ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಮೊಸರಕಲ್ಲಿನ ಭಾಗಣ್ಣನೆಂಬ ಹೆಸರಿನಿಂದಿದ್ದು ದಾಸರ ಶಿಷ್ಯರಾದ ಈ ಮಹನೀಯರನ್ನು ಗಣಪತಿಯ ಅಂಶರೆಂದು ನಾವು ವಂದಿಸುತ್ತೇವೆ. ಗೋಪಾಲದಾಸರು ತಮ್ಮ ಆಯುಷ್ಯದಿಂದ 40 ವರ್ಷಗಳನ್ನು ಜೋಳದ ರೊಟ್ಟಿಯಲ್ಲಿಟ್ಟು ಆಚಾರ್ಯರಿಗೆ ದಾನ ಮಾಡಿದರು. ಗೋಪಾಲದಾಸರು 1762ರಲ್ಲಿ, ನಡುವಯಸ್ಸಿನಲ್ಲಿಯೇ, ಹರಿಪಾದವನ್ನು ಸೇರಿದರು. ಆಚಾರ್ಯರು ಪಂಢರಪುರದ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲಾಂಕಿತವನ್ನು ಪಡೆದು, ಜಗನ್ನಾಥದಾಸರಾಗಿ, ಹರಿಕಥಾಮೃತಸಾರವೆಂಬ ಮಹಾಗ್ರಂಥವನ್ನು ಲೋಕಕ್ಕೆ ಕೊಟ್ಟು, 1809ರವರೆಗೆ ಬಾಳಿದರು.

ಈ ಕಥೆಯನ್ನು ಹೇಳುವಾಗ ಸಾಮಾನ್ಯವಾಗಿ ಪಂಡಿತರ ಅಹಂಕಾರವನ್ನೇ ದೊಡ್ಡದು ಮಾಡಿ ಹೇಳುವುದುಂಟು. ನಮಗೆ ಇದರಲ್ಲಿ ಬೇರೆ ಎರಡು ಸಂಗತಿಗಳು ಮುಖ್ಯವಾಗಿ ತೋರುತ್ತವೆ. ತಾವೇ ಪರಿಹರಿಸಬಹುದಾಗಿದ್ದ ವ್ಯಾಧಿಯನ್ನು ವಿಜಯದಾಸರು ಶಿಷ್ಯರ ಕೈಯಿಂದ ಪರಿಹರಿಸಿ, ಆ ಕೀರ್ತಿಯನ್ನು ಅವರಿಗೆ ಬಿಟ್ಟುಕೊಟ್ಟರು. ಮನೆಯ ಹಿರಿಯರು ಕಿರಿಯರಿಗೆ ಪೂಜೆಯ ಹೊಣೆಯನ್ನು ವಹಿಸಿ, ತಾವು ಹಿಂದೆ ಸರಿದು ನಿಂತು ನೋಡುವುದನ್ನು ಇದರಿಂದ ಕಲಿಯಬಹುದು. ಎರಡನೆಯದಾಗಿ, ಪಕ್ವಾನ್ನಗಳ ಪಂಕ್ತಿಯನ್ನು ಬಿಟ್ಟವರನ್ನು ಉಳಿಸಿದುದು ಒಂದು ಜೋಳದ ರೊಟ್ಟಿ. ನಮ್ಮ ಉತ್ತರದ ಸೀಮೆಯ ಪ್ರತಿಯೊಂದು ಮನೆಯಲ್ಲಿ ದಿನವೂ ಬಡಿಯುವ ರೊಟ್ಟಿಯದು. ಕೊಡುವವರ ಮನಸ್ಸು ಶುದ್ಧವಾಗಿದ್ದರೆ ಕೊಡುವ ವಸ್ತು ಸಾಮಾನ್ಯವಾದರೂ ಕೊರತೆಯಿಲ್ಲ.

ಶೇಷಾಚಲದ ರಥ ಮತ್ತು ಸುಳಾದಿಗಳು

ಶರದೃತುವಿಗೂ ವಿಜಯದಾಸರಿಗೂ ಇನ್ನೊಂದು ಸಂಬಂಧವುಂಟು. ತಿರುಪತಿಯ ಶ್ರೀನಿವಾಸನಲ್ಲಿ ಅವರಿಗಿದ್ದ ಭಕ್ತಿಯು ಅಪಾರ. ಅನೇಕ ಸಲ ಗಿರಿಯನ್ನೇರಿದವರು. ಆಶ್ವಯುಜದ ಬ್ರಹ್ಮೋತ್ಸವದಲ್ಲಿ ಒಮ್ಮೆ ರಥವು ಎಷ್ಟೆಳೆದರೂ ಕದಲದೆ ನಿಂತಿತೆಂದೂ, ಜನಸಂದಣಿಯ ಹಿಂದೆ ಉಪೇಕ್ಷಿತರಾಗಿ ನಿಂತಿದ್ದ ದಾಸರು ಮುಂದೆ ಬಂದು ಪದವನ್ನು ಹಾಡಿದಾಗ ಸರಾಗವಾಗಿ ಚಲಿಸಿತೆಂದೂ ಐತಿಹ್ಯವಿದೆ. ದೊಡ್ಡ ಉತ್ಸವದ ಗದ್ದಲದಲ್ಲಿ ಹಿಂದೆ ಉಳಿದವನೊಬ್ಬನಿಗಾಗಿ ಸ್ವಾಮಿಯೇ ಕಾದನೆಂಬುದು ಈ ಐತಿಹ್ಯದ ತಿರುಳು. ನಮ್ಮ ಮನೆಯ ಹಬ್ಬಗಳಲ್ಲಿಯೂ ಹಾಗೆ ಹಿಂದೆ ಉಳಿದವರು ಯಾರಾದರೂ ಇರುತ್ತಾರೆ. ಕಿವಿ ಮಂದವಾದ ಅಜ್ಜ, ಒಂಟಿಯಾಗಿರುವ ನೆರೆಯ ವೃದ್ಧೆ, ಊರಿಗೆ ಹೋಗಲಾಗದೆ ಕೋಣೆ ಹಿಡಿದಿರುವ ವಿದ್ಯಾರ್ಥಿ, ಇವರು ಬರುವವರೆಗೆ ಎಲೆ ಹಾಕದೆ ಕಾಯುವ ಸಹನೆ ನಮ್ಮಲ್ಲಿರಬೇಕು.

ದಾಸರ ಸಾಹಿತ್ಯದಲ್ಲಿ ಸುಳಾದಿಗಳದು ಅಗ್ರಸ್ಥಾನ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿವಿಡಿ, ಅಟ್ಟ, ಏಕ ಮೊದಲಾದ ತಾಳಗಳಲ್ಲಿ ನುಡಿಗಳನ್ನು ಹೊಂದಿಸಿ, ಕೊನೆಯಲ್ಲಿ ಜತೆಯಿಂದ ಮುಗಿಸುವ ಈ ಬಂಧದಲ್ಲಿ ಅವರು ಪಂಚಭೇದ, ತಾರತಮ್ಯ, ಬಿಂಬೋಪಾಸನೆ, ಸಾಧನಕ್ರಮಗಳನ್ನೆಲ್ಲ ತಿಳಿಗನ್ನಡದಲ್ಲಿ ಇಳಿಸಿದರು. ಕ್ಷೇತ್ರಗಳ ಮೇಲೆ, ನದಿಗಳ ಮೇಲೆ, ದೇವತೆಗಳ ಮೇಲೆ ಹಾಡಿದರು. ಸಂಸ್ಕೃತವನ್ನು ಕಲಿಯುವ ಅವಕಾಶವಿಲ್ಲದ ಸ್ತ್ರೀಯರಿಗೂ, ಹೊಲಮನೆಗಳ ಕೆಲಸದಲ್ಲಿ ದಿನ ಕಳೆಯುವವರಿಗೂ ಶಾಸ್ತ್ರದ ಸಾರವು ಬಾಯಿಪಾಠವಾಗಿ ದೊರೆಯಿತು. ಕುಟ್ಟುವಾಗ, ಬೀಸುವಾಗ, ತೊಟ್ಟಿಲು ತೂಗುವಾಗ ನಮ್ಮ ಅಜ್ಜಿಯಂದಿರು ಹಾಡುತ್ತಿದ್ದ ಪದಗಳಿಂದಲೇ ನಮ್ಮಲ್ಲಿ ಅನೇಕರಿಗೆ ಸಿದ್ಧಾಂತದ ಮೊದಲ ಪಾಠವಾಯಿತು. ಕೆಲಸವನ್ನು ನಿಲ್ಲಿಸಿ ಓದಬೇಕಾದ ವಿದ್ಯೆ ಒಂದು. ಕೆಲಸದೊಡನೆ ಸಾಗುವ ವಿದ್ಯೆ ಇನ್ನೊಂದು. ಗೃಹಸ್ಥರ ಕಷ್ಟವನ್ನು ಬಲ್ಲ ದಾಸರು ಈ ಎರಡನೆಯದನ್ನು ನಮಗಾಗಿ ಅನುಗ್ರಹಿಸಿದರು.

ಚಿಪ್ಪಗಿರಿಯ ಕೊನೆಯ ದಿನಗಳು

ಜೀವಿತದ ಕೊನೆಯ ಭಾಗದಲ್ಲಿ ದಾಸರು ಗುಂತಕಲ್ಲಿನ ಸಮೀಪದ ಚಿಪ್ಪಗಿರಿಯಲ್ಲಿ ನೆಲೆಸಿದರು. ಅದು ಈಗ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಗೆ ಸೇರಿದೆ. ಅಲ್ಲಿಯೇ, ಯುವ ಸಂವತ್ಸರದ ಕಾರ್ತಿಕ ಶುದ್ಧ ದಶಮಿ ಗುರುವಾರದಂದು, ಕ್ರಿ.ಶ. 1755ರ ನವೆಂಬರಿನಲ್ಲಿ, ಎಪ್ಪತ್ಮೂರು ವರ್ಷಗಳ ತುಂಬು ಬಾಳನ್ನು ಮುಗಿಸಿ ವಿಜಯವಿಠಲನ ಪಾದವನ್ನು ಸೇರಿದರು. ಅಲ್ಲಿನ ದಾಸರ ಕಟ್ಟೆಯು ಇಂದಿಗೂ ಯಾತ್ರಾಸ್ಥಳವಾಗಿದೆ. ಪ್ರತಿವರ್ಷ ದಶಮಿಯಂದು ಕರ್ನಾಟಕದ ನಾನಾ ಭಾಗಗಳಿಂದ ಭಜನಾಮಂಡಳಿಗಳು ತಾಳ ತಂಬೂರಿಗಳೊಡನೆ ಅಲ್ಲಿಗೆ ಹೋಗುತ್ತವೆ.

ಆ ತಿಥಿಯ ಮಹತ್ವವನ್ನು ವಾಚಕರು ಪರಿಭಾವಿಸಬೇಕು. ಆಶ್ವಯುಜ ಶುದ್ಧ ದಶಮಿಯು ಶ್ರೀಮದಾಚಾರ್ಯರು ಅವತರಿಸಿದ ದಿನ. ಸರಿಯಾಗಿ ಒಂದು ತಿಂಗಳ ಮೇಲೆ ಬರುವ ದಶಮಿಯು ಅವರ ಶಾಸ್ತ್ರವನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ದಾಸರು ಹರಿಪುರವನ್ನು ಸೇರಿದ ದಿನ. ಶರದೃತುವಿನ ನಮ್ಮ ದುಡಿಮೆಯ ತಿಂಗಳು ಈ ಎರಡು ದಶಮಿಗಳ ನಡುವೆ ಇದೆ. ಮರುದಿನವೇ ಕಾರ್ತಿಕ ಏಕಾದಶಿ. ಬೆಳಗಾವಿಯ ಸೀಮೆಯಿಂದ ಪಂಢರಪುರಕ್ಕೆ ಹೋಗುವ ಯಾತ್ರಿಕರು ದಶಮಿಯ ಹೊತ್ತಿಗೆ ದಾರಿಯಲ್ಲಿರುತ್ತಾರೆ ಅಥವಾ ಚಂದ್ರಭಾಗೆಯ ಮರಳಿನ ಮೇಲಿರುತ್ತಾರೆ. ತಮ್ಮ ಸಾವಿರಾರು ಕೃತಿಗಳ ಕೊನೆಯಲ್ಲಿ ವಿಠಲನ ಹೆಸರನ್ನು ಇರಿಸಿದ ದಾಸರು, ವಿಠಲನ ಮಹಾಯಾತ್ರೆಯ ಹಿಂದಿನ ದಿನವೇ ತಮ್ಮ ಯಾತ್ರೆಯನ್ನು ಮುಗಿಸಿದರು.

ನಮ್ಮ ಮನೆಗಳಲ್ಲಿ ಆರಾಧನೆ

ಹೀಗಿರುವಾಗ ಈ ದಿನವನ್ನು ಮನೆಯಲ್ಲಿ ಆಚರಿಸಲು ಸಮಯವಿಲ್ಲ, ಸಾಮಗ್ರಿಯಿಲ್ಲ ಎಂಬ ಮಾತು ನಿಲ್ಲಲಾರದು. ಯಾಯಿವಾರದ ಅಕ್ಕಿಯಿಂದ ಸಂಸಾರವನ್ನು ನಡೆಸಿದ ಮಹಾತ್ಮರಿಗೆ ನಮ್ಮಿಂದ ವೈಭವವು ಬೇಕಾಗಿಲ್ಲ. ಇತ್ತೀಚೆಗೆ ಕೆಲವು ಕುಟುಂಬಗಳು ಹಬ್ಬಗಳನ್ನು ನೆರೆಹೊರೆಯವರ ಕಣ್ಣಿಗಾಗಿ ಶಕ್ತಿಮೀರಿ ಮಾಡಿ, ಕಾರ್ತಿಕವು ಮುಗಿಯುವಷ್ಟರಲ್ಲಿ ಸಾಲವನ್ನೂ ಬೇಸರವನ್ನೂ ಹೊತ್ತುಕೊಳ್ಳುತ್ತವೆ. ಇನ್ನು ಕೆಲವು ಕುಟುಂಬಗಳು ಆ ಬೇಸರದಿಂದಲೇ ಒಂದೊಂದಾಗಿ ಆಚರಣೆಗಳನ್ನು ಬಿಡುತ್ತ ಬಂದಿವೆ. ಎರಡೂ ಒಂದೇ ತಪ್ಪಿನ ಎರಡು ರೂಪಗಳು. ಇಲ್ಲದ್ದನ್ನು ತಂದು ಮಾಡಬೇಕೆಂದು ತಿಳಿದವರು ಕಡೆಗೆ ಇದ್ದುದರಲ್ಲಿ ಮಾಡುವುದನ್ನೂ ಮರೆಯುತ್ತಾರೆ. ವಿಜಯದಾಸರ ಮನೆಯಲ್ಲಿ ಇದ್ದುದನ್ನು ಹಂಚಿಕೊಳ್ಳುವುದೇ ಹಬ್ಬವಾಗಿತ್ತು.

ದಶಮಿಯಂದು ಹೇಗೂ ಒಪ್ಪೊತ್ತಿನ ಊಟ. ಬೆಳಗಿನ ಪೂಜೆಯಲ್ಲಿ ದಾಸರ ಒಂದು ಸುಳಾದಿಯನ್ನು ಮನೆಯವರೆಲ್ಲ ಕೂಡಿ ಹಾಡಬಹುದು. ಪೂರ್ಣ ಬಾರದವರು ಒಂದು ತಾಳದ ನುಡಿಯನ್ನಾದರೂ ಕಲಿಯಬಹುದು. ವ್ಯಾಸವಿಠಲಾಂಕಿತದ ಕಲ್ಲೂರು ಸುಬ್ಬಣ್ಣಾಚಾರ್ಯರು ರಚಿಸಿದ ವಿಜಯದಾಸರ ಕವಚವನ್ನು ಮಕ್ಕಳಿಂದ ಹೇಳಿಸಬಹುದು. ಹೆಣ್ಣುಮಕ್ಕಳಿಗೆ ಮೋಹನದಾಸರ ಕೋಲುಹಾಡಿದೆ. ನೈವೇದ್ಯಕ್ಕೆ ದ್ವಿದಳವ್ರತಕ್ಕೆ ಒಪ್ಪುವ ಒಂದು ಸಜ್ಜಕ ಅಥವಾ ಅಕ್ಕಿಯ ಪಾಯಸ ಸಾಕು. ಆದರೆ ಪಂಕ್ತಿಯಲ್ಲಿ ಮನೆಯವರಲ್ಲದ ಒಬ್ಬರಾದರೂ ಇರಲಿ. ಊರಿಗೆ ಹಿಂದಿರುಗಿದ ಮಕ್ಕಳಿಗೆ ದೂರವಾಣಿಯಲ್ಲಿ ಅಂದು ಕ್ಷೇಮಸಮಾಚಾರದ ಜೊತೆಗೆ ದಾಸರ ಒಂದು ಕಥೆಯನ್ನೂ ಹೇಳೋಣ. ಅವರು ಅದನ್ನು ತಮ್ಮ ಮಕ್ಕಳಿಗೆ ಹೇಳುವ ಕಾಲ ಬರುತ್ತದೆ.

ಮರುದಿನದ ಉಪವಾಸವನ್ನು ಮುಗಿಸಿ, ದ್ವಾದಶಿಯಂದು ತುಲಸಿಯ ಬಳಿ ನೆಲ್ಲಿಯ ಟೊಂಗೆಯನ್ನು ನೆಟ್ಟು ದೀಪಗಳನ್ನು ಹಚ್ಚುವಾಗ, ದ್ವಿದಳವ್ರತವನ್ನು ಶ್ರೀಹರಿಗೆ ಸಮರ್ಪಿಸುತ್ತೇವೆ. ತಿಂಗಳ ದುಡಿಮೆಯನ್ನೂ ಆಗಲೇ ಸಮರ್ಪಿಸಬೇಕು: ಬೆಳಗಿನ ಮಡಿನೀರು, ಹೊಗೆ ಕುಡಿದ ಕಣ್ಣುಗಳು, ಬಂದವರ ಊಟ, ಹೋದವರ ಬುತ್ತಿ, ಎಲ್ಲವನ್ನೂ. ಅರಳಮ್ಮನವರೂ ವಿಜಯದಾಸರೂ ತಮ್ಮ ಬಡಮನೆಯ ಒಂದೊಂದು ದಿನವನ್ನೂ ಹೀಗೆಯೇ ಒಪ್ಪಿಸುತ್ತ ಬಂದವರು. ಅಂಥವರ ಅನುಗ್ರಹವು ಸದಾಶಿವನಗರದ ನಮ್ಮೆಲ್ಲರ ಮನೆಗಳ ಮೇಲಿರಲೆಂದು, ದಾಸಾರ್ಯರ ಅಂತರ್ಯಾಮಿಯಾದ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀ ವಿಜಯವಿಠಲನನ್ನು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು